ಮೀಸೆ ಮೀನು ಬೆಳೆಯದಿರಲಿ ಎಂದು

ಜಯನಗರದಲ್ಲಿ ಮನೆಗಳಿಗಿಂತ ಸೈಟುಗಳ ಗಡಿಕಲ್ಲುಗಳೇ ಹೆಚ್ಚಾಗಿದ್ದ ದಿನಗಳಿಂದ ನಾನು ಅಲ್ಲಿಯ ಕಿಟಕಿಗಳಿಗೆ ಗಾಜು ಕೂರಿಸಿದವನು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಅದನ್ನು ನಾನೇ ಹೇಳಿಕೊಳ್ಳಲು ನಾಚಿಕೆಯಿಲ್ಲ. ಇನ್ನೊಬ್ಬರು ಹೇಳಿದರೆ ಮಾತ್ರ ತಡೆದುಕೊಳ್ಳಲಾಗುತ್ತಿರಲಿಲ್ಲ. ಯಡಿಯೂರಿನ ನಮ್ಮ ಮನೆಯಿಂದ ಗಾಜಿನ ಹಲಗೆಗಳನ್ನು ಗೋಣಿಚೀಲದಲ್ಲಿ ಸುತ್ತಿ ಸೈಕಲ್ಲಿಗೆ ಕಟ್ಟಿಕೊಂಡು ಹೊರಟರೆ, ಆ ಮಣ್ಣುರಸ್ತೆಯ ಗುಂಡಿಗಳನ್ನೆಲ್ಲ ದಾಟಿ ಒಂದು ಮೂಲೆಯೂ ಮುಕ್ಕಾಗದಂತೆ ತಲುಪಿಸುತ್ತಿದ್ದೆ. ಅಳೆಯುವುದು ಒಂದೇ ಸಲ, ಕೊಯ್ಯುವುದೂ ಒಂದೇ ಸಲ. ನನ್ನ ಕೈಯಲ್ಲಿ ಒಡೆದ ಗಾಜು ಇಷ್ಟೇ ಎಂದು ಬೆರಳು ಮಡಿಸಿ ತೋರಿಸಬಲ್ಲೆ. ಅಂಥವನು ತಿಂಗಳುಗಟ್ಟಲೆ ಒಡೆಯದೇ ಇದ್ದ ಒಂದು ಗಾಜಿಗೆ ಹೆದರಿ ನಿದ್ದೆ ಊಟ ಕೆಡಿಸಿಕೊಂಡೆ. ಹೇಳುವುದಿರುವುದು ಅದನ್ನೇ.

ಮೂರನೇ ಬ್ಲಾಕಿನಲ್ಲಿ ಒಬ್ಬ ಮೇಷ್ಟ್ರು ಮನೆ ಕಟ್ಟಿಸಿದರು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ಆಗತಾನೇ ರಿಟೈರ್ ಆಗಿದ್ದರು. ಮನೆಯಲ್ಲಿ ಅವರು, ಅವರ ಹೆಂಡತಿ ಇಬ್ಬರೇ. ಕಿಟಕಿಗಳ ಕೆಲಸ ಮುಗಿಸಿ ನಾನು ಸಾಮಾನು ಕಟ್ಟುತ್ತಿದ್ದಾಗ ಮೇಷ್ಟ್ರು ಹತ್ತಿರ ಬಂದು ಕೇಳಿದರು.

“ಮೀನು ಸಾಕೋಕೆ ಒಂದು ಗಾಜಿನ ತೊಟ್ಟಿ ಬೇಕಿತ್ತು. ನಿಮ್ಮ ಕೈಲಿ ಆಗುತ್ತೋ, ಇಲ್ಲ ದಂಡಿನ ಕಡೆ ಅಂಗಡೀಲಿ ವಿಚಾರಿಸ್ಲೋ?”

ಅವರು ನನ್ನನ್ನು ‘ನೀವು’ ಎನ್ನುತ್ತಿದ್ದರು. ಕೆಲಸದವನನ್ನು ಹಾಗೆ ಕರೆಯುವ ಮನೆ ಆಗ ನಾನು ಇನ್ನೊಂದು ಕಂಡಿರಲಿಲ್ಲ. ಆ ‘ನೀವು’ ಕೇಳಿದ ಮೇಲೆ ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ.

“ಅಷ್ಟು ದೂರ ಕಂಟೋನ್ಮೆಂಟಿಗೆ ಯಾಕೆ ಸಾರ್? ಶುಕ್ರವಾರ ತಂದಿಡ್ತೀನಿ.”

ಅಂಥ ತೊಟ್ಟಿಯನ್ನು ನಾನು ಅದುವರೆಗೆ ಮಾಡಿರಲಿಲ್ಲ. ಬಸವನಗುಡಿಯಲ್ಲಿ ಒಬ್ಬ ಡಾಕ್ಟರ ಷಾಪಿನಲ್ಲಿ ನೋಡಿದ್ದೆ, ಅಷ್ಟೆ. ಕಬ್ಬಿಣದ ಚೌಕಟ್ಟನ್ನು ಬೆಸುಗೆ ಹಾಕಿಸಿಕೊಂಡು ಬಂದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಗಾಜು ಆಗ ಔನ್ಸಿನ ಲೆಕ್ಕದಲ್ಲಿ ಬರುತ್ತಿತ್ತು. ಔನ್ಸು ಹೆಚ್ಚಿದಷ್ಟೂ ಗಾಜು ದಪ್ಪ. ಕಿಟಕಿಗೆ ನಾವು ಹಾಕುತ್ತಿದ್ದದ್ದು ಇಪ್ಪತ್ತನಾಲ್ಕು ಔನ್ಸಿನದು. ನೀರು ನಿಲ್ಲುವ ತೊಟ್ಟಿಗೆ ಎಷ್ಟು ಬೇಕು? ಕಸುಬಿನಲ್ಲಿ ಹಿರಿಯರು ಇದ್ದರು, ಕೇಳಬಹುದಿತ್ತು. ಕೇಳಿದರೆ ಇವನಿಗೆ ಗೊತ್ತಿಲ್ಲ ಎಂದು ಆಗುತ್ತದಲ್ಲ. ಮನೆಯಲ್ಲಿ ಮಿಕ್ಕಿದ್ದ ಕಿಟಕಿ ಗಾಜನ್ನೇ ಕೊಯ್ದು, ಸೀಮೆಸುಣ್ಣದ ಪುಡಿಗೆ ಅಗಸೆ ಎಣ್ಣೆ ಹಾಕಿ ನಾದಿದ ಪುಟ್ಟಿ ಮೆತ್ತಿ, ಶುಕ್ರವಾರ ಹೇಳಿದ ಹೊತ್ತಿಗೆ ಸರಿಯಾಗಿ ತಂದಿಟ್ಟೆ. ಹಜಾರದ ಕಿಟಕಿ ಪಕ್ಕ ಎತ್ತರದ ಮರದ ಸ್ಟ್ಯಾಂಡಿನ ಮೇಲೆ ಕೂರಿಸಿ ನೀರು ತುಂಬಿದೆವು. ಒಂದು ಹನಿ ಸೋರಲಿಲ್ಲ.

“ಗಾಜು ಸಾಕಷ್ಟು ದಪ್ಪ ಇದೆ ತಾನೆ?” ಎಂದರು ಮೇಷ್ಟ್ರು.

“ಹತ್ತು ವರ್ಷ ಅಲುಗಲ್ಲ ಸಾರ್. ನನ್ನ ಮಾತು.”

ಮೀನನ್ನೂ ನಾನೇ ತಂದುಕೊಟ್ಟೆ. ಮೇಷ್ಟ್ರಿಗೆ ಬಣ್ಣದ ಮೀನು ಬೇಡ, ಮೀಸೆ ಮೀನೇ ಬೇಕು. ಅದು ನೀರಿನ ಮೇಲೆ ಬಂದು ಬಾಯಿತುಂಬ ಗಾಳಿ ಕುಡಿದು ಹೋಗುವುದನ್ನು ಕ್ಲಾಸಿನಲ್ಲಿ ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದು ಹೇಳಿದ್ದರಂತೆ, ಕಣ್ಣಾರೆ ಕಂಡಿರಲಿಲ್ಲವಂತೆ. ನಮ್ಮ ಯಡಿಯೂರು ಕೆರೆಯಲ್ಲಿ ಬಲೆ ಹಾಕುವವನ ಹತ್ತಿರ ಹೇಳಿಟ್ಟು ತೋರುಬೆರಳಿನಷ್ಟು ಉದ್ದದ್ದೊಂದನ್ನು ಚೊಂಬಿನಲ್ಲಿ ತಂದೆ. ಮೇಷ್ಟ್ರ ಹೆಂಡತಿ ಅಡುಗೆಮನೆ ಬಾಗಿಲಲ್ಲೇ ನಿಂತು ನೋಡಿದರು.

“ಮಡಿ ಮನೇಲಿ ಮೀನು! ಬಂದವರು ಏನಂದ್ಕೊಳ್ತಾರೆ?”

“ತಿನ್ನೋಕಲ್ವಲ್ಲೇ, ನೋಡೋಕೆ,” ಎಂದರು ಮೇಷ್ಟ್ರು.

“ನೋಡೋಕೆ ಗಿಣಿ ಸಿಕ್ತಿರ್ಲಿಲ್ವೆ?”

ಹೀಗಂದವರೇ ಒಂದು ತಿಂಗಳಲ್ಲಿ ಮಧ್ಯಾಹ್ನ ಹೂ ಕಟ್ಟುವ ಜಾಗವನ್ನು ತೊಟ್ಟಿಯ ಕೆಳಕ್ಕೆ ಬದಲಾಯಿಸಿಕೊಂಡರು. ಅಲ್ಲಿ ಬೆಳಕು ಚೆನ್ನಾಗಿದೆ ಎನ್ನುವುದು ಅವರು ಕೊಡುತ್ತಿದ್ದ ಕಾರಣ. ಮೀನಿಗೆ ‘ಮೀಸೆಯವರು’ ಎಂದು ಬಹುವಚನವೂ ಬಂದಿತು.

ಮೇಷ್ಟ್ರು ಗಾಜಿನ ಮೇಲೆ ಉದ್ದಕ್ಕೊಂದು ಕಾಗದದ ಪಟ್ಟಿ ಅಂಟಿಸಿದ್ದರು. ಭಾನುವಾರ ಭಾನುವಾರ ಮೀನು ಆ ಪಟ್ಟಿಯ ಪಕ್ಕ ಬಂದು ನಿಲ್ಲುವವರೆಗೆ ಕಾದು, ಕೆಂಪು ಪೆನ್ಸಿಲಿನಿಂದ ಗುರುತು ಹಾಕಿ, ನೋಟುಬುಕ್ಕಿನಲ್ಲಿ ಬರೆಯುತ್ತಿದ್ದರು. ಎರಡು ತಿಂಗಳಾದರೂ ಗುರುತಿನ ಮೇಲೇ ಗುರುತು ಬೀಳುತ್ತಿತ್ತು. ಒಂದು ದಿನ ಆ ದಾರಿಯಲ್ಲಿ ಹೋಗುತ್ತಿದ್ದ ನನ್ನನ್ನು ಕರೆದು ತೋರಿಸಿದರು. ಏನು ಹಾಕುತ್ತೀರಿ ಎಂದೆ. ಕಡ್ಲೆಪುರಿ, ಚಪಾತಿ ಚೂರು ಎಂದರು.

“ಕಡ್ಲೆಪುರಿ ತಿಂದು ಯಾವ ಮೀನು ಬೆಳೆಯುತ್ತೆ ಸಾರ್? ಇದು ಕೆಸರಲ್ಲಿ ಹುಳ ಹೆಕ್ಕೋ ಜಾತಿ. ಎರೆಹುಳ ಹಾಕಿ ನೋಡಿ.”

“ಶಿವ ಶಿವ!” ಎಂದು ಒಳಗಿನಿಂದ ಕೂಗು ಬಂತು.

ಕೊನೆಗೆ ಒಂದು ಒಪ್ಪಂದವಾಯಿತು. ನಾನು ಕೆರೆ ಅಂಚಿನಲ್ಲಿ ಅಗೆದು, ಒದ್ದೆ ಮಣ್ಣಿನ ಜೊತೆ ಒಂದು ತಗಡಿನ ಡಬ್ಬಿಯಲ್ಲಿ ತುಂಬಿ, ವಾರಕ್ಕೆರಡು ಸಲ ಕಾಂಪೌಂಡು ಗೋಡೆಯ ಮೇಲಿಡಬೇಕು. ಡಬ್ಬಿ ಹಜಾರ ದಾಟಿ ಅಡುಗೆಮನೆ ಕಡೆ ಬರಕೂಡದು. ಮೇಷ್ಟ್ರು ಚಿಮಟದಲ್ಲಿ ಹಿಡಿದು ಹಾಕಿ ಕೈಕಾಲು ತೊಳೆದುಕೊಂಡೇ ಒಳಗೆ ಬರಬೇಕು. ಆ ಮನೆಯಲ್ಲಿ ಹುಳ ಎನ್ನುವ ಮಾತೇ ಇರಲಿಲ್ಲ. “ಅದು ಬಂತಾ?” “ಅದು ಬಂತು.” ಅಷ್ಟೆ.

ಆಮೇಲೆ ನೋಡಬೇಕಿತ್ತು. ಮೊದಲನೇ ತಿಂಗಳು ಕೆಂಪು ಗುರುತು ಒಂದು ಅಂಗುಲ ಮುಂದೆ ಹೋಯಿತು. ಬೇಸಗೆ ಬೇರೆ, ನೀರು ಬೆಚ್ಚಗಾದಷ್ಟೂ ಅದಕ್ಕೆ ಹಸಿವು. ಎರಡನೇ ತಿಂಗಳು ಒಂದೂವರೆ. ಮೇಷ್ಟ್ರು ವಾರಕ್ಕೊಮ್ಮೆ ಅರ್ಧ ನೀರು ಬದಲಾಯಿಸುತ್ತಿದ್ದರು, ಬದಲಾಯಿಸಿದ ಮಾರನೇ ದಿನ ಮೀನು ಇನ್ನೂ ಚುರುಕಾಗಿ ಡಬ್ಬಿಗೆ ಕಾಯುತ್ತಿತ್ತು. ಮಳೆ ಶುರುವಾಗುವ ಹೊತ್ತಿಗೆ ಅದು ಒಂದು ಗೇಣು ಉದ್ದ, ನನ್ನ ಹೆಬ್ಬೆರಳಿಗಿಂತ ದಪ್ಪ. “ನಮ್ಮ ಕೆರೆ ಮೀನು ಸಾರ್, ಸುಮ್ನೇನಾ?” ಎಂದು ನಾನು ಹೇಳಿಕೊಂಡು ತಿರುಗುತ್ತಿದ್ದೆ.

ಆ ಮಳೆಗಾಲದಲ್ಲೇ ಸಿಟಿ ಮಾರ್ಕೆಟ್ಟಿನ ಹತ್ತಿರದ ಗಾಜಿನ ಅಂಗಡಿಗೆ ಹೋಗಿದ್ದೆ. ನನ್ನ ಮುಂದೆ ನಿಂತಿದ್ದವರು ಯಾರೋ ಮೀನಿನ ತೊಟ್ಟಿಗೆ ಗಾಜು ಕೊಯ್ಯಿಸುತ್ತಿದ್ದರು. ಅಂಗಡಿಯ ಮುದುಕ ಸಾಯ್ಬರು ತೆಗೆದದ್ದು ಸ್ಲೇಟಿಗಿಂತ ದಪ್ಪನೆಯ ಗಾಜು. ಸುಮ್ಮನೆ ಕೇಳುವವನಂತೆ ಕೇಳಿದೆ.

“ಯಾಕೆ ಸಾಯ್ಬರೇ, ಇಪ್ಪತ್ನಾಲ್ಕು ಔನ್ಸಿಂದು ಸಾಲ್ದಾ?”

“ತೊಟ್ಟಿಗಾ? ಯಾವ ಕತ್ತೆ ಹೇಳ್ದ ನಿಂಗೆ? ಕಾಲಿಂಚು ಗಾಜು ಬೇಕು ಭಾಯ್. ಮೀನು ಸಣ್ದಿರೋ ತನ್ಕ ಪರ್ವಾ ಇಲ್ಲ. ದೊಡ್ಡದಾಗಿ ಬಾಲ ಹೊಡೀತೋ, ಖಲಾಸ್. ಎಲ್ಲಾ ಗಾಜು ಮೈಮೇಲೆ.”

“ಯಾರೋ ಗೊತ್ತಿಲ್ದೋನು ಹೇಳ್ದ,” ಎಂದೆ.

ವಾಪಸು ಬರುವಾಗ ಸೈಕಲ್ಲು ತನ್ನಷ್ಟಕ್ಕೆ ಮೂರನೇ ಬ್ಲಾಕಿಗೆ ತಿರುಗಿತು. ಮಧ್ಯಾಹ್ನದ ಹೊತ್ತು. ಕಿಟಕಿಯಿಂದ ನೋಡಿದರೆ ಮೇಷ್ಟ್ರ ಹೆಂಡತಿ ತೊಟ್ಟಿಯ ಕೆಳಗೆ ಕಾಲು ಚಾಚಿ ಕೂತು ಕನಕಾಂಬರ ಕಟ್ಟುತ್ತಿದ್ದಾರೆ. ಅವರ ತಲೆಯ ಮೇಲೆ ಒಂದು ಮೊಳ ಎತ್ತರದಲ್ಲಿ ನನ್ನ ಇಪ್ಪತ್ತನಾಲ್ಕು ಔನ್ಸು. ಅದರ ಹಿಂದೆ ನಾನೇ ಹುಳ ಹಾಕಿಸಿ ಬೆಳೆಸಿದ ಮೀನು ಅತ್ತಿಂದಿತ್ತ ತಿರುಗುತ್ತಿದೆ, ತಿರುಗುವಾಗಲೆಲ್ಲ ಬಾಲ ಗಾಜಿಗೆ ಸವರುತ್ತಿದೆ.

ಒಳಗೆ ಹೋಗಿ ಹೇಳಬೇಕಿತ್ತು. ಹೇಳಿದರೆ ಮೇಷ್ಟ್ರು ಬಯ್ಯುವವರಲ್ಲ. ಬಯ್ಯುವವರಾಗಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ‘ಹೋಗಲಿ ಬಿಡಿ, ಪಾಪ, ನಿಮಗೆ ಹೇಗೆ ಗೊತ್ತಾಗಬೇಕು’ ಎಂದುಬಿಟ್ಟರೆ? ಆ ‘ಪಾಪ’ವನ್ನು ನೆನೆದೇ ಮೈ ಉರಿಯಿತು. ಹೇಳದೆ ಬಂದೆ.

ಅಂದಿನಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ತಿಲಕ್ ನಗರದಲ್ಲಿ ಕೆಲಸವಿದ್ದರೂ ಊಟದ ಹೊತ್ತಿಗೆ ಸೈಕಲ್ ತುಳಿದು ಮೂರನೇ ಬ್ಲಾಕಿಗೆ ಬಂದು ಕಾಂಪೌಂಡಿನ ಆಚೆಯಿಂದ ಇಣುಕಿ ಹೋಗುತ್ತಿದ್ದೆ. ಎಲ್ಲಾದರೂ ಪಾತ್ರೆ ಬಿದ್ದರೆ ಗಾಜೇ ಬಿತ್ತೆನ್ನಿಸುತ್ತಿತ್ತು. ಎದುರು ಮನೆಯವರು ಒಂದು ದಿನ “ಏನಪ್ಪ, ಮೇಷ್ಟ್ರ ಮನೆ ಕಾವಲು ಸಿಕ್ತಾ?” ಎಂದು ಕಿಚಾಯಿಸಿದರು.

ಆಗ ನನಗೆ ಹೊಳೆದ ಉಪಾಯ ಇದು: ಗಾಜನ್ನು ದಪ್ಪ ಮಾಡಲಾಗದಿದ್ದರೆ ಮೀನನ್ನು ಬೆಳೆಯದಂತೆ ಮಾಡಬೇಕು. ಡಬ್ಬಿ ನನ್ನ ಕೈಯಲ್ಲೇ ಇತ್ತಲ್ಲ. ಮೊದಲು ಮಣ್ಣು ಹೆಚ್ಚು ಮಾಡಿ ಹುಳ ಅರ್ಧ ಮಾಡಿದೆ. ಆಮೇಲೆ ವಾರಕ್ಕೆರಡು ಸಲದ್ದು ಒಂದೇ ಸಲವಾಯಿತು. “ಮಳೆಗೆ ಅವೆಲ್ಲ ಆಳಕ್ಕೆ ಹೋಗಿವೆ ಸಾರ್,” ಎಂದೆ. ಮಳೆಗೆ ಹುಳ ಮೇಲೆ ಬರುತ್ತವೆ ಎನ್ನುವುದು ಮಣ್ಣು ಮುಟ್ಟಿದ ಯಾರಿಗೂ ಗೊತ್ತು. ಮೇಷ್ಟ್ರು ನಂಬಿದರು.

ಕೆಂಪು ಗುರುತು ನಿಂತಿತು. ನನಗೆ ಒಂದೆರಡು ವಾರ ಸಮಾಧಾನ. ಆದರೆ ಮೇಷ್ಟ್ರು ಸುಮ್ಮನಿರುವ ಪೈಕಿ ಅಲ್ಲ. ಬೆಳೆಯುತ್ತಿದ್ದದ್ದು ಯಾಕೆ ನಿಂತಿತು ಎಂದು ಕಾರಣಗಳನ್ನು ಒಂದೊಂದೇ ಹಿಡಿದು ಪರೀಕ್ಷೆ ಮಾಡತೊಡಗಿದರು. ಮೊದಲು ನೀರು: ಬಾವಿ ನೀರನ್ನು ಒಂದು ದಿನ ಬಿಸಿಲಲ್ಲಿಟ್ಟು ವಾರಕ್ಕೆರಡು ಸಲ ಬದಲಾಯಿಸಿದರು. ಗುರುತು ಅಲ್ಲೇ. ಆಮೇಲೆ ಚಳಿ: ಕಾರ್ತಿಕ ಬಂದಿತ್ತು, ತೊಟ್ಟಿಗೆ ಮೂರು ಕಡೆ ಕಂಬಳಿ ಸುತ್ತಿ ಮೇಲೊಂದು ಬಲ್ಬು ಇಳಿಬಿಟ್ಟರು. ಒಂದೊಂದು ಕಾರಣ ಬಿದ್ದುಹೋದಾಗಲೂ ಅವರು ನನ್ನ ಡಬ್ಬಿಗೆ ಒಂದು ಹೆಜ್ಜೆ ಹತ್ತಿರ ಬರುತ್ತಿದ್ದರು. ಅದು ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

“ನೀವು ಕೆರೆ ಪಕ್ಕ ಬೆಳೆದವರು. ನೀವೇನಂತೀರಿ?” ಎಂದು ಒಂದು ಭಾನುವಾರ ನನ್ನನ್ನೇ ಕೇಳಿದರು.

ಬಾಯಿಗೆ ಬಂದದ್ದು ಹೇಳಿದೆ. “ತೊಟ್ಟಿ ಎಷ್ಟೋ ಮೀನು ಅಷ್ಟೇ ಸಾರ್. ಜಾಗ ನೋಡ್ಕೊಂಡು ಅದೇ ನಿಂತ್ಬಿಡುತ್ತೆ.”

ಮೇಷ್ಟ್ರು ಪೆನ್ಸಿಲು ಕಚ್ಚಿಕೊಂಡು ಯೋಚಿಸಿದರು. “ಇಕ್ಕಟ್ಟಾದ್ರೆ ಬೆಳವಣಿಗೆ ಕುಗ್ಗೋದು ಇದೆ. ಆದ್ರೆ ಅದಕ್ಕೆ ಕೊಳೆ ನೀರೂ ಕಾರಣ ಇರುತ್ತೆ, ಬರೀ ಜಾಗ ಅಲ್ಲ. ಇರ್ಲಿ, ನೋಡೇಬಿಡೋಣ. ಇದರ ಎರಡರಷ್ಟು ತೊಟ್ಟಿ ಒಂದು ಮಾಡಿಕೊಡಿ.”

ನನ್ನ ಸುಳ್ಳಿಗೆ ನನಗೇ ಹೊಸ ಕೆಲಸ ಸಿಕ್ಕಿತ್ತು. ದಪ್ಪ ಗಾಜು ಹಾಕಿ ದೊಡ್ಡ ತೊಟ್ಟಿ ಮಾಡಿ, ಹಳೆಯದನ್ನು ಹೊತ್ತುಕೊಂಡು ಬಂದುಬಿಟ್ಟರೆ ಎಲ್ಲ ಮುಚ್ಚಿಹೋಗುತ್ತದೆ. ಅಳತೆ ತೆಗೆದುಕೊಂಡು ಹೊರಟೆ. ಚೌಕಟ್ಟಿಗೆ ಕಬ್ಬಿಣ ಕೊಯ್ಯಿಸಲು ಎರಡು ಸಲ ಹೋಗಿ ಎರಡು ಸಲವೂ ಸುಮ್ಮನೆ ಬಂದೆ. ಕೈ ಏಳಲಿಲ್ಲ. ದುಡಿದು ತಿನ್ನುವವನು ಎಂದು ಎದೆ ತಟ್ಟಿಕೊಳ್ಳುತ್ತಿದ್ದವನು ನಾನು. ಈ ಕೂಲಿ ಯಾವ ದುಡಿಮೆಯದು?

ಹೀಗೆ ಹೊತ್ತು ತಳ್ಳುತ್ತಿರುವಾಗ ಮೇಷ್ಟ್ರು ದಾರಿಯಲ್ಲೇ ನನ್ನನ್ನು ಕೈ ಬೀಸಿ ನಿಲ್ಲಿಸಿದರು.

“ದೊಡ್ಡ ತೊಟ್ಟಿ ಸದ್ಯಕ್ಕೆ ಬೇಡ. ಮೀನು ಬೆಳೀತಿದೆ! ಎರಡು ವಾರದಲ್ಲಿ ಅರ್ಧ ಅಂಗುಲ. ಬಲ್ಬಿನ ಶಾಖ ಸ್ವಾಮಿ, ಶಾಖ!”

ನಾನು ಹಾಕುತ್ತಿದ್ದದ್ದು ವಾರಕ್ಕೆ ಏಳೆಂಟು ಹುಳ. ಅಷ್ಟರಲ್ಲಿ ಬೆಳೆಯುವುದು ಹೇಗೆ? ಹೋಗಿ ನೋಡಿದರೆ ನಿಜ. ಮೈ ತುಂಬಿಕೊಂಡು ಮಿರಮಿರ ಮಿಂಚುತ್ತಿತ್ತು, ನನ್ನ ನೆರಳು ಕಂಡು ಗಿರಕಿ ಹೊಡೆದು ಗಾಜಿಗೆ ಬಾಲ ಬಡಿಯಿತು. ಟಪ್. ಆ ಸದ್ದು ಮೂರು ದಿನ ಕಿವಿಯಲ್ಲಿತ್ತು.

ನಾಲ್ಕನೇ ದಿನ ಬೆಳಿಗ್ಗೆ ಮತ್ತೆ ಹೋದೆ. ಮೇಷ್ಟ್ರು ಪೆನ್ಷನ್ನಿಗೆ ಹೋಗಿದ್ದರು, ಮುಂಬಾಗಿಲು ಹಾಕಿತ್ತು. ಹಿತ್ತಲಿನ ಕಡೆ ಹೋದೆ. ಬಚ್ಚಲ ನೀರು ಹರಿದು ಹೋಗುವಲ್ಲಿ ಬಾಳೆಗಿಡದ ಬುಡದಲ್ಲಿ ಮೇಷ್ಟ್ರ ಹೆಂಡತಿ ಸೆರಗು ಸಿಕ್ಕಿಸಿ ಕುಕ್ಕುರುಗಾಲಲ್ಲಿ ಕೂತು, ಒಡೆದ ಕರಟದಿಂದ ಮಣ್ಣು ಕೆದಕುತ್ತಿದ್ದರು. ಪಕ್ಕದಲ್ಲಿ ಬಾಳೆ ಎಲೆಯ ತುಂಡಿನ ಮೇಲೆ ಎರೆಹುಳಗಳು.

ನನ್ನನ್ನು ಕಂಡು ಅವರು ಎಲೆಯನ್ನು ಸೆರಗಿನಲ್ಲಿ ಮರೆಮಾಡಲು ನೋಡಿ, ಆಮೇಲೆ ಬಿಟ್ಟುಬಿಟ್ಟರು.

“ಯಾರಿಗೂ ಹೇಳ್ಬೇಡಪ್ಪ. ಅವರಿಗಂತೂ ಬೇಡ.”

“ನೀವ್ಯಾಕಮ್ಮ ಇದನ್ನೆಲ್ಲ...”

“ಇನ್ನೇನು ಮಾಡ್ಲಿ? ನಿನ್ನ ಡಬ್ಬೀಲಿ ಬರಬರ್ತಾ ಬರೀ ಮಣ್ಣು. ಒಂದಿನ ತೆಗೆದು ನೋಡ್ದೆ. ಪಾಪ, ನಿನಗೂ ಸಿಗ್ತಿಲ್ವೇನೋ ಅಂದ್ಕೊಂಡೆ. ನಾನು ಹೂ ಕಟ್ತಾ ಕೂತ್ರೆ ಅದು ಗಾಜಿಗೆ ಮೂತಿ ಒತ್ಕೊಂಡು ನನ್ನೇ ನೋಡುತ್ತೆ. ಹೊಟ್ಟೆ ಒಳಕ್ಕೆ ಸೇರ್ಕೊಂಡಿತ್ತು. ಎಷ್ಟು ದಿನ ಅಂತ ನೋಡ್ಲಿ?”

ಎಲೆಯಿಂದ ಜಾರುತ್ತಿದ್ದ ಒಂದು ಹುಳವನ್ನು ಅವರು ಕರಟದ ತುದಿಯಿಂದ ಒಳಕ್ಕೆ ತಳ್ಳಿದರು.

“ಹುಳಕ್ಕೂ ಜೀವ ಇದೆ ಅಂತ ನಂಗೊತ್ತಿಲ್ವೆ? ಅಗೆದು ಹಾಕಿ, ತಲೆಗೆ ಸ್ನಾನ ಮಾಡಿ, ಆಮೇಲೆ ಒಲೆ ಹಚ್ತೀನಿ. ಶನಿವಾರ ಒಂದ್ಹೊತ್ತಿನ ಊಟ ಬಿಟ್ಟಿದೀನಿ. ನನ್ನ ಕೈಲಾಗೋದು ಅಷ್ಟೆ.”

ಯಾವ ‘ಪಾಪ’ಕ್ಕೆ ಹೆದರಿ ನಾನು ಅಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆನೋ ಅದನ್ನು ಆಕೆ ಆಗಲೇ ಅಂದಾಗಿತ್ತು, ಅದೂ ನನ್ನ ಸುಳ್ಳನ್ನು ನಂಬಿ. ಆ ದಿನ ಕೆಲಸಕ್ಕೆ ಹೋಗಲಿಲ್ಲ. ತ್ಯಾಗರಾಜನಗರದ ಕಡೆ ಹೋದೆ, ಅಲ್ಲಿಂದ ಬನಶಂಕರಿ ಗುಡಿಯವರೆಗೆ ತುಳಿದೆ, ಸುಮ್ಮನೆ ವಾಪಸು ತುಳಿದೆ. ಮಧ್ಯಾಹ್ನ ಮೂರಕ್ಕೆ ಮೇಷ್ಟ್ರ ಮನೆ ಬಾಗಿಲಲ್ಲಿ ನಿಂತಿದ್ದೆ. ಮೇಷ್ಟ್ರು ಕುರ್ಚಿಯಲ್ಲಿ ನೋಟುಬುಕ್ಕು ಹಿಡಿದು ಕೂತಿದ್ದರು. ಅವರ ಹೆಂಡತಿ ಎಂದಿನಂತೆ ತೊಟ್ಟಿಯ ಕೆಳಗೆ.

“ಅಮ್ಮಾ, ಮೊದಲು ಅಲ್ಲಿಂದ ಏಳಿ,” ಎಂದೆ.

ಅವರು ಹೂ ಮಡಿಲಲ್ಲಿಟ್ಟುಕೊಂಡೇ ಎದ್ದರು. ನಾನು ನಿಂತಲ್ಲೇ ಹೇಳಿದೆ: ಇಪ್ಪತ್ತನಾಲ್ಕು ಔನ್ಸು, ಸಾಯ್ಬರ ಮಾತು, ಮೀನು ಬೆಳೆಯದಿರಲಿ ಎಂದು ಡಬ್ಬಿಗೆ ಮಣ್ಣು ತುಂಬಿದ್ದು. ಹಿತ್ತಲಿನ ವಿಷಯ ಮಾತ್ರ ಎತ್ತಲಿಲ್ಲ.

ಮೇಷ್ಟ್ರು ಕನ್ನಡಕ ತೆಗೆದರು. “ನೀವು ಅದನ್ನ ಕಡಿಮೆ ಮಾಡಿದ್ರೆ ಈಗ ಬೆಳೆದದ್ದು ಹೇಗೆ? ಹಾಗಿದ್ರೆ ಬಲ್ಬೇ...”

“ಬಲ್ಬಲ್ಲ,” ಎಂದರು ಅವರ ಹೆಂಡತಿ. “ನಾನು ಹಾಕ್ದೆ.”

“ಏನನ್ನ?”

“ಹುಳ.”

ಒಪ್ಪಂದವಾದ ಮೇಲೆ ಆ ಮನೆಯೊಳಗೆ ಆ ಮಾತು ಮೊದಲ ಸಲ ಕೇಳಿಸಿದ್ದು ಆಗಲೇ. ಆಕೆ ನನ್ನ ಕಡೆ ಒಂದು ಸಲ ನೋಡಿದರು. ಬೈದಿದ್ದರೂ ಅಷ್ಟು ನಾಟುತ್ತಿರಲಿಲ್ಲ. ಕಟ್ಟದ ಹೂವನ್ನು ಅಲ್ಲೇ ಮಣೆಯ ಮೇಲೆ ಸುರಿದು ಒಳಗೆ ಹೋದರು.

ಮೇಷ್ಟ್ರು ನೋಟುಬುಕ್ಕಿನಲ್ಲಿ ‘ಶಾಖ’ ಎಂದು ಬರೆದದ್ದನ್ನು ಹೊಡೆದುಹಾಕಿದರು. ಆಮೇಲೆ ಸೀಮೆಸುಣ್ಣ ತೆಗೆದುಕೊಂಡು ರೆಡ್ ಆಕ್ಸೈಡ್ ನೆಲದ ಮೇಲೆ ತೊಟ್ಟಿಯ ಚಿತ್ರ ಬರೆದರು.

“ನೋಡಿ. ಗಾಜಿನ ಮೇಲೆ ಒತ್ತೋದು ನೀರಿನ ಎತ್ತರ. ಮೀನು ದೊಡ್ಡದಾದ್ರೆ ಆ ಒತ್ತಡ ಹೆಚ್ಚಲ್ಲ. ಮೊದಲನೇ ದಿನ ಎಷ್ಟಿತ್ತೋ ಇವತ್ತೂ ಅಷ್ಟೆ. ತೆಳು ಗಾಜು ಅನ್ನೋದು ನಿಜ. ಆದ್ರೆ ಅರ್ಧ ನೀರು ಇಳಿಸಿದ್ರೆ ಭಯ ಅವತ್ತೇ ಮುಗೀತಿತ್ತು. ಈ ಮೀನಿಗೆ ಗಾಳಿ ಮೇಲಿಂದ ಸಿಗುತ್ತೆ, ಅರ್ಧ ನೀರು ಸಾಕು.” ಸೀಮೆಸುಣ್ಣ ಕೆಳಗಿಟ್ಟರು. “ಕೇಳಿದ್ರೆ ಹೇಳ್ತಿದ್ನಲ್ಲಪ್ಪ.”

ಕೇಳುವುದು. ಅದೊಂದನ್ನು ಬಿಟ್ಟು ಎಲ್ಲ ಮಾಡಿದ್ದೆ.

ಮಾರನೇ ದಿನವೇ ಮೀನನ್ನು ಬಾವಿ ಪಕ್ಕದ ಕಲ್ಲುತೊಟ್ಟಿಗೆ ಬಿಟ್ಟು, ಸಾಯ್ಬರ ಅಂಗಡಿಯಿಂದ ಕಾಲಿಂಚು ಗಾಜು ತಂದೆ. “ಆ ಕತ್ತೆ ನಾನೇ ಸಾಯ್ಬರೇ,” ಎಂದು ಹೇಳಿಯೇ ತಂದೆ. ಅವರು ಬೊಚ್ಚುಬಾಯಿ ತೆರೆದು ನಕ್ಕರು. ಹಳೇ ಪುಟ್ಟಿ ಕೆರೆದು ತೆಗೆದ ಕಿಟಕಿ ಗಾಜುಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು ನೋಡಿದೆ. ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಬಿರುಕೊಂದು ಸಿಕ್ಕಿದ್ದರೆ ಚೆನ್ನಾಗಿತ್ತು. ಹೆದರಿದ್ದಕ್ಕೆ ಒಂದು ಕಾರಣವಿತ್ತು ಎಂದಾದರೂ ಆಗುತ್ತಿತ್ತು.

ಹೊಸ ಪುಟ್ಟಿ ಒಣಗುವವರೆಗಿನ ಎರಡು ವಾರ ಕಲ್ಲುತೊಟ್ಟಿಯಲ್ಲಿ ಮೀನು ಬೆಳೆದ ರಭಸವನ್ನು ಮೇಷ್ಟ್ರಿಗೂ ಬರೆದಿಡಲಾಗಲಿಲ್ಲ. ಅಲ್ಲಿ ಕಾಗದದ ಪಟ್ಟಿ ಅಂಟುತ್ತಿರಲಿಲ್ಲ. ಹೊಟ್ಟೆತುಂಬ ಹುಳ, ದಿನವೂ ಬಾವಿಯ ಹೊಸ ನೀರು, ಈಜಲು ಜಾಗ. ಇದರಲ್ಲಿ ಯಾವುದು ಎಷ್ಟು ಬೆಳೆಸಿತು ಎಂದು ಬಿಡಿಸಿ ಹೇಳಲು ಬರುವುದಿಲ್ಲ ಎಂದರು ಮೇಷ್ಟ್ರು. ಅವರು ನನ್ನ ಜೊತೆ ಮೊದಲಿನಂತೆಯೇ ಇದ್ದರು, ‘ನೀವು’ ಕೂಡ ಹಾಗೇ ಇತ್ತು.

ಅವರ ಹೆಂಡತಿ ನನ್ನ ಜೊತೆ ಮಾತು ಬಿಟ್ಟರು. ಗಾಜು ಬದಲಾಯಿಸಬಹುದು, ಆಕೆ ಮಣ್ಣಿಗೆ ಕೈ ಹಾಕಿದ್ದನ್ನು ಬದಲಾಯಿಸುವುದು ಹೇಗೆ? ನನಗೆ ತೋಚಿದ್ದು ಒಂದೇ. ಕೆರೆ ಅಂಚಿನಿಂದ ಡಬ್ಬಿ ತರುವುದನ್ನು ಬಿಟ್ಟು, ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಅವರದೇ ಹಿತ್ತಲಿಗೆ ಹೋಗಿ, ಅವರ ಕಣ್ಣೆದುರಿಗೇ ಅಗೆದು, ಬಾಳೆ ಎಲೆಯ ಮೇಲೆ ಎಲ್ಲ ಕಾಣುವಂತೆ ಹುಳ ಹರಡಿ ಮೇಷ್ಟ್ರಿಗೆ ಕೊಡತೊಡಗಿದೆ. ಆಕೆ ಹಿಂಬಾಗಿಲಲ್ಲಿ ನಿಂತು ಎಲೆಯನ್ನು ನೋಡುತ್ತಿದ್ದರು, ನನ್ನನ್ನಲ್ಲ. ತಿಂಗಳು ಕಳೆಯಿತು. ಚಳಿ ಹೋಗಿ ಬಿಸಿಲು ಬಂತು, ಹಿತ್ತಲ ಮಣ್ಣು ಗಟ್ಟಿಯಾಯಿತು. ಒಂದು ಬೆಳಿಗ್ಗೆ ಎಷ್ಟು ಅಗೆದರೂ ಎರಡೇ ಹುಳ ಸಿಕ್ಕಿ, ಬೆವರು ಒರೆಸಿಕೊಂಡು ಇನ್ನೊಂದು ಕಡೆ ಗುದ್ದಲಿ ಎತ್ತಿದೆ. ಹಿಂಬಾಗಿಲಿನಿಂದ ಮಾತು ಬಂತು.

“ಅಲ್ಲಿ ಒಣಗಿದೆ. ದಾಸವಾಳದ ಬುಡದಲ್ಲಿ ಅಗಿ, ನಿನ್ನೆ ನೀರು ಹಾಕಿದೀನಿ.”